ಕೆಂಪು ಹರಳಿನ ತವರು

ಕಲ್ಲನ್ನು ಉಜ್ಜಿ ಉಜ್ಜಿ, ಆಚೆಗಿನ ಬೆಳಕು ಈಚೆಗೆ ಕಾಣುವಷ್ಟು ತೆಳ್ಳಗೆ ಮಾಡುವುದೂ ಒಂದು ನೌಕರಿ ಎಂದರೆ ಎಷ್ಟೋ ಜನ ನಂಬುವುದಿಲ್ಲ. ಕಲ್ಲಕ್ಕನ ಅತ್ತೆಯೇ ಹನ್ನೆರಡು ವರ್ಷ ನಂಬಿರಲಿಲ್ಲ. ಸೊಸೆ ವಿಶ್ವವಿದ್ಯಾಲಯದಲ್ಲಿದ್ದಾಳೆ ಎಂದು ನೆರೆಹೊರೆಯವರ ಮುಂದೆ ಹೆಮ್ಮೆಯಿಂದ ಹೇಳಿಕೊಂಡು, ಒಳಗೆ ಬಂದು, "ಅಲ್ಲಮ್ಮ, ಅಷ್ಟು ದೊಡ್ಡ ಕಟ್ಟಡದಲ್ಲಿ ನಿಂಗೊಬ್ಬಳಿಗೇ ಯಾಕೆ ಕೆಸರಿನ ಕೆಲಸ ಕೊಟ್ಟಿದಾರೆ?" ಎಂದು ಕೇಳುತ್ತಿದ್ದರು. ಕಲ್ಲಕ್ಕ ಮೊಣಕೈವರೆಗೆ ಹತ್ತಿದ ಬೂದಿ ಬಣ್ಣದ ಕೆಸರನ್ನು ತೊಳೆದುಕೊಳ್ಳುತ್ತಿದ್ದಳು. ಇದ್ದ ತಾಳ್ಮೆಯನ್ನೆಲ್ಲ ಅವಳು ಕಲ್ಲಿಗೇ ಖರ್ಚು ಮಾಡಿಬಿಡುತ್ತಿದ್ದಳು. ಮನುಷ್ಯರ ಪಾಲಿಗೆ ಉಳಿಯುತ್ತಿದ್ದುದು ಕಡಿಮೆ.

ಭೂವಿಜ್ಞಾನ ವಿಭಾಗದ ನೆಲಮಹಡಿಯಲ್ಲಿ, ಮೆಟ್ಟಿಲಿನ ಹಿಂದೆ ಅವಳ ಕೋಣೆ. ಒಂದು ಗರಗಸ, ಎರಡು ತಿರುಗುವ ತಟ್ಟೆ, ಕಿಟಕಿಯ ಕೆಳಗೆ ಮೂರು ಗಾಜಿನ ಹಲಗೆ, ನೆಲದ ನಡುವೆ ನೀರು ಹೋಗುವ ಕಂಡಿ. ಮೇಲಿನ ಮಹಡಿಯ ಮೇಷ್ಟರುಗಳು ಬೆಟ್ಟ ಸುತ್ತಿ ಕಲ್ಲು ತರುತ್ತಾರೆ. ಕಲ್ಲಕ್ಕ ಅದನ್ನು ಚೂರು ಕತ್ತರಿಸಿ, ಗಾಜಿಗೆ ಅಂಟಿಸಿ, ಮೊದಲು ದಪ್ಪ ಪುಡಿಯಲ್ಲಿ, ಆಮೇಲೆ ನಡುವಿನದರಲ್ಲಿ, ಕೊನೆಗೆ ಹಿಟ್ಟಿನಂಥ ನುಣುಪು ಪುಡಿಯಲ್ಲಿ ಉಜ್ಜುತ್ತಾಳೆ. ಕೂದಲಿನ ದಪ್ಪದ ಮೂರನೆಯ ಒಂದು ಪಾಲಿಗೆ ಬಂದಾಗ ಕಲ್ಲು ಸ್ಲೈಡ್ ಆಗುತ್ತದೆ. ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಒಳಗಿನ ಒಂದೊಂದು ಹರಳೂ ಕಾಣುತ್ತದೆ. ಒಂದು ಸುತ್ತು ಹೆಚ್ಚು ಉಜ್ಜಿದರೆ ಏನೂ ಕಾಣುವುದಿಲ್ಲ, ಏಕೆಂದರೆ ಕಲ್ಲೇ ಇರುವುದಿಲ್ಲ.

ಅವಳ ಕೋಣೆಯಲ್ಲಿ ಮೂರು ಪುಡಿಗೆ ಮೂರು ಡಬ್ಬ, ಮೂರು ಬ್ರಷ್ಷು, ಮೂರು ಬಟ್ಟೆ. ಒಂದರದ್ದು ಇನ್ನೊಂದಕ್ಕೆ ತಾಗಿಸಿದವರು ವಾರಗಟ್ಟಲೆ ಬೈಸಿಕೊಳ್ಳಬೇಕಿತ್ತು. ಅದರಲ್ಲಿ ಮೇಷ್ಟರು, ವಿದ್ಯಾರ್ಥಿ ಎಂಬ ಭೇದವಿರಲಿಲ್ಲ. ಇಪ್ಪತ್ತೇಳು ವರ್ಷದಲ್ಲಿ ಒಂದು ಕಲ್ಲಿನ ಕಣ ಇನ್ನೊಂದು ಕಲ್ಲಿಗೆ ಹೋದದ್ದಿಲ್ಲ ಎನ್ನುವುದು ಅವಳ ಹೆಮ್ಮೆ. ಆ ಹೆಮ್ಮೆಯನ್ನು ಅವಳೇನೂ ಮುಚ್ಚಿಡುತ್ತಿರಲಿಲ್ಲ. ನಿವೃತ್ತಿಗೆ ಇನ್ನೊಂದು ವರ್ಷವಿತ್ತು. ಎಳ್ಳಷ್ಟೂ ಕಪ್ಪಿಲ್ಲದ ಹೆಸರು ಹೊತ್ತುಕೊಂಡು ಮನೆಗೆ ಹೋಗುತ್ತೇನೆ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು.

ಹಾಗಿರುವಾಗಲೇ ಮರಳಿನ ಮೇಡಂ ಬಂದದ್ದು. ಆ ಹೆಸರು ಕಲ್ಲಕ್ಕನೇ ಇಟ್ಟದ್ದು. ಆಕೆ ಕಾಲೇಜಿನಲ್ಲಿ ಪಾಠ ಮಾಡುವವರು, ನಲವತ್ತರ ಹತ್ತಿರದ ವಯಸ್ಸು, ಎರಡು ಮಕ್ಕಳ ತಾಯಿ. ಡಾಕ್ಟರೇಟಿಗೆಂದು ಮೂರು ವರ್ಷ ರಜೆ ಪಡೆದು ಬಂದಿದ್ದರು. ಆಕೆ ಓಡಾಡುತ್ತಿದ್ದ ಬೆಟ್ಟಗಳಲ್ಲಿ, ಕೋಟ್ಯಂತರ ವರ್ಷಗಳ ಹಿಂದೆ ಹರಿದ ಲಾವಾ ಹಾಸಿಗೆಯ ಮೇಲೆ ಹಾಸಿಗೆ ಹಾಸಿದಂತೆ ಪದರ ಪದರವಾಗಿ ಬಿದ್ದಿದೆ. ಎರಡು ಪದರಗಳ ನಡುವೆ ಅಲ್ಲಲ್ಲಿ ಗೇಣು ದಪ್ಪದ ಮರಳು. ಒಂದು ಲಾವಾ ತಣ್ಣಗಾಗಿ ಇನ್ನೊಂದು ಬರುವ ನಡುವೆ ಯಾವುದೋ ನದಿ ತಂದು ಸುರಿದದ್ದು. ಆಮೇಲೆ ಕುದಿಯುವ ಲಾವಾ ಆ ಒದ್ದೆ ಮರಳಿನ ಮೇಲೆ ಬಂದಾಗ ನೀರು ಸಿಡಿದು, ಮರಳು ಎದ್ದು, ಎರಡೂ ಕಲಸಿಹೋಗಿವೆ. ಕೆಲವು ಕಡೆ ಲಾವಾ ಮರಳಿನ ಉಂಡೆಗಳನ್ನು ಇಡಿಯಾಗಿ ನುಂಗಿಬಿಟ್ಟಿದೆ. ಮೇಡಂ ಪ್ರಶ್ನೆ ಒಂದೇ: ಆ ಮರಳಿನ ತವರು ಯಾವುದು? ಯಾವ ಬಂಡೆ ಸವೆದು ಈ ಮರಳಾಯಿತು?

ವಿಭಾಗದ ದೊಡ್ಡ ಮೇಷ್ಟರು ಇದಕ್ಕೆ ಮೂವತ್ತು ವರ್ಷದ ಹಿಂದೆಯೇ ಉತ್ತರ ಬರೆದಿದ್ದರು. ಪೂರ್ವದ ಲಾವಾ ಗುಡ್ಡಗಳೇ ಸವೆದು ಬಂದ ಮರಳು ಅದು. ಪಶ್ಚಿಮದ ಹಳೆಯ ಪರ್ವತ ಆಗಿನ್ನೂ ನೆಲದೊಳಗೇ ಹೂತಿತ್ತು ಎಂದು. ಮೇಡಂಗೆ ಅನುಮಾನ. ಪಶ್ಚಿಮದ ಬಂಡೆಗಳಲ್ಲಿ ಗಾರ್ನೆಟ್ ಎಂಬ ಕೆಂಪು ಹರಳಿದೆ, ಪೂರ್ವದ ಗುಡ್ಡಗಳಲ್ಲಿ ಹುಡುಕಿದರೂ ಇಲ್ಲ. ಮರಳಿನೊಳಗೆ ಆ ಹರಳು ಸಿಕ್ಕರೆ ನದಿ ಬಂದದ್ದು ಪಶ್ಚಿಮದಿಂದ, ಲಾವಾ ಹರಿಯುವ ಕಾಲಕ್ಕೇ ಪರ್ವತ ತಲೆ ಎತ್ತಿತ್ತು ಎಂದರ್ಥ. ತನ್ನ ಮಾತನ್ನೇ ಸುಳ್ಳು ಮಾಡಲು ಹೊರಟ ಶಿಷ್ಯೆಯನ್ನು ದೊಡ್ಡ ಮೇಷ್ಟರು ತಡೆಯಲಿಲ್ಲ. "ತೋರ್ಸಿ, ಒಪ್ತೀನಿ" ಎಂದಷ್ಟೇ ಹೇಳಿದ್ದರು.

ತೋರಿಸುವುದೇ ತಲೆನೋವಾಯಿತು. ಲಾವಾ ಗಟ್ಟಿ, ಮರಳಿನ ಉಂಡೆ ಮೆದು. ಗರಗಸ ತಾಗಿದ ಕೂಡಲೇ ಕಲ್ಲು ನಡುಗಿ, ಉಂಡೆ ಉದುರಿ, ಮೇಡಂ ಮೂರು ದಿನ ಬೆನ್ನ ಮೇಲೆ ಹೊತ್ತು ತಂದದ್ದು ಮೂರು ನಿಮಿಷದಲ್ಲಿ ಕಂಡಿಯ ಪಾಲಾಗುತ್ತಿತ್ತು. ಹೊಸ ಅಲಗಿಗೆ ಅರ್ಜಿ ಕೊಟ್ಟು ಎಂಟು ತಿಂಗಳಾಗಿತ್ತು. ಆಗ ಕಲ್ಲಕ್ಕನಿಗೆ ತಮ್ಮನ ನೆನಪಾಯಿತು. ಎರಡು ಬೀದಿ ಆಚೆ ಅವನದೊಂದು ಅಂಗಡಿ. ಅಡುಗೆಮನೆಯ ಕಟ್ಟೆಗೆ, ಮೆಟ್ಟಿಲಿಗೆ ಕಲ್ಲು ಕತ್ತರಿಸಿ ಕೊಡುತ್ತಿದ್ದ. ಹೊಸದಾಗಿ ಒಂದು ಯಂತ್ರ ತಂದಿದ್ದ, ಅಲಗೇ ಇಲ್ಲದ್ದು. ಸೂಜಿಯಷ್ಟು ಸಣ್ಣ ತೂತಿನಿಂದ ನೀರು ರಭಸವಾಗಿ ಚಿಮ್ಮಿ, ಕಲ್ಲನ್ನು ಬೆಣ್ಣೆಯಂತೆ ಕತ್ತರಿಸುತ್ತಿತ್ತು. ನಡುಕವಿಲ್ಲ, ಉದುರುವುದಿಲ್ಲ.

"ಬರೀ ನೀರು ತಾನೇ?" ಎಂದುಕೊಂಡು ಕಲ್ಲಕ್ಕ ಆರು ಕಲ್ಲುಗಳನ್ನು ಚೀಲಕ್ಕೆ ಹಾಕಿಕೊಂಡು ಹೋದಳು. ಯಾರನ್ನೂ ಕೇಳಲಿಲ್ಲ, ಕೋಣೆಯ ಕೆಲಸದ ಪುಸ್ತಕದಲ್ಲಿ "ಕತ್ತರಿಸಲಾಗಿದೆ" ಎಂದು ಮಾತ್ರ ಬರೆದಳು.

ಆರು ಸ್ಲೈಡುಗಳಲ್ಲಿ ನಲವತ್ತೊಂದು ಗಾರ್ನೆಟ್ ಹರಳು ಸಿಕ್ಕವು. ಮೇಡಂ ಮೆಟ್ಟಿಲನ್ನು ಎರಡೆರಡಾಗಿ ಹಾರಿಕೊಂಡು ಇಳಿದು ಬಂದು, ಕೆಸರು ಕೈಯ ಕಲ್ಲಕ್ಕನನ್ನು ಹಾಗೆಯೇ ತಬ್ಬಿಕೊಂಡರು. ದೊಡ್ಡ ಮೇಷ್ಟರು ತಾವೇ ಕೂತು ಎಣಿಸಿ, "ಬರೀರಿ" ಎಂದರು. ರಜೆ ಮುಗಿಯಲು ಐದು ವಾರವಿತ್ತು. ಮೇಡಂ ಹಗಲೆಲ್ಲ ಕೂತು ಬರೆದರು.

ಹತ್ತು ದಿನ ಕಳೆದಿರಬೇಕು. ತಮ್ಮನ ಅಂಗಡಿಗೆ ಬೇರೇನೋ ಕೆಲಸಕ್ಕೆ ಹೋಗಿದ್ದ ಕಲ್ಲಕ್ಕ ಚಹಾ ಕುಡಿಯುತ್ತ ನಿಂತಿದ್ದಳು. ತಮ್ಮ ಒಂದು ಮೂಟೆ ಬಿಚ್ಚಿ, ಯಂತ್ರದ ಪಕ್ಕದ ಬುಟ್ಟಿಯಂಥ ತೊಟ್ಟಿಗೆ ಸುರಿದ. ಸುರಿದದ್ದು ಮರಳು. ಕೆಂಪು ಛಾಯೆಯ, ಮಿಣಮಿಣ ಹೊಳೆಯುವ ಮರಳು.

"ಅದೇನೋ ಅದು?"

"ಪುಡಿ ಅಕ್ಕಾ. ನೀರಿನ ಜೊತೆ ಹೋಗತ್ತೆ. ಬರೀ ನೀರು ಕಲ್ಲನ್ನ ಎಲ್ಲಿ ಕೊಯ್ಯತ್ತೆ ಹೇಳು? ಕೊಯ್ಯೋದೆಲ್ಲ ಇದೇ."

ಅವಳು ಒಂದು ಚಿಟಿಕೆ ಅಂಗೈಗೆ ಹಾಕಿಕೊಂಡು ಬಾಗಿಲ ಬಿಸಿಲಿಗೆ ಹಿಡಿದಳು. ಮೂಟೆಯ ಮೇಲೆ ಬರೆದದ್ದನ್ನು ಓದುವ ಅಗತ್ಯವೇ ಬೀಳಲಿಲ್ಲ. ಗಾರ್ನೆಟ್. ಅಷ್ಟು ರಭಸದ ನೀರಿನಲ್ಲಿ ಆ ಪುಡಿ ಮೆದು ಮರಳಿನ ಸಂದುಗೊಂದುಗಳಿಗೆ ನುಗ್ಗದೆ ಇರುತ್ತದೆಯೇ? ನಲವತ್ತೊಂದು ಹರಳಿನಲ್ಲಿ ಎಷ್ಟು ನದಿ ತಂದದ್ದು, ಎಷ್ಟು ತಮ್ಮ ತುರುಕಿದ್ದು, ದೇವರೇ ಬಲ್ಲ.

ಅವಳಿಗೆ ಕೋಪ ಬಂದದ್ದು ಮೊದಲು ತಮ್ಮನ ಮೇಲೆ. ಅವನು ಬಿಟ್ಟಾನೆಯೇ? "ನಿನ್ನ ಕಲ್ಲಲ್ಲಿ ಏನು ಹುಡುಕ್ತಿದೀಯ ಅಂತ ನೀನು ನಂಗೆ ಹೇಳಿದ್ಯಾ? ನಡುಗದ ಹಾಗೆ ಕತ್ತರಿಸೋ ಅಂದೆ, ಕತ್ತರಿಸ್ದೆ. ಈಗ ತಪ್ಪೆಲ್ಲ ನಂದಾ?" ಎಂದು ಮುಖ ತಿರುಗಿಸಿದ. ಅವನ ಮಾತು ಸರಿಯಾಗಿತ್ತು. ಅದಕ್ಕೇ ಅವಳಿಗೆ ಇನ್ನಷ್ಟು ಉರಿಯಿತು.

ಸಂಜೆ ಮನೆಯಲ್ಲಿ ಗಂಡನ ಮುಂದೆ ಕೂತಳು. ಅವನು ದರ್ಜಿ, ಹಜಾರದ ಅರ್ಧ ಅವನ ಹೊಲಿಗೆ ಯಂತ್ರ ಮತ್ತು ಬಟ್ಟೆಯ ರಾಶಿ. ವಿಷಯ ಯಾರಿಗೂ ಗೊತ್ತಿಲ್ಲ. ತಮ್ಮ ಬಾಯಿ ಬಿಡುವವನಲ್ಲ. ಪುಸ್ತಕದಲ್ಲಿ ಏನೂ ಇಲ್ಲ. ಹೇಳಿದರೆ ಮೇಡಂ ಮೂರು ವರ್ಷದ ಶ್ರಮ ನೀರುಪಾಲು, ಇಪ್ಪತ್ತೇಳು ವರ್ಷದ ಹೆಸರಿಗೆ ಮಸಿ.

"ಹೇಳ್ಲಾ, ಬೇಡ್ವಾ ರೀ?"

ಗಂಡ ಹಲ್ಲಿನಲ್ಲಿದ್ದ ದಾರ ತೆಗೆದ. "ಹೇಳ್ದೆ ಇದ್ರೆ ನಿಂಗೆ ಊಟ ಸೇರಲ್ಲ. ನಿಂಗೆ ಊಟ ಸೇರ್ದೆ ಇದ್ರೆ ನನ್ನ ಜೀವ ತಿಂತೀಯ. ನನ್ನ ಒಳ್ಳೇದಕ್ಕಾದ್ರೂ ಹೇಳ್ಬಿಡು ಮಾರಾಯ್ತಿ."

ಮರುದಿನ ಬೆಳಿಗ್ಗೆ ದೊಡ್ಡ ಮೇಷ್ಟರ ಕೋಣೆಯಲ್ಲಿ, ಮೇಡಂ ಎದುರಿಗೇ, ಕುರ್ಚಿ ತೋರಿಸಿದರೂ ಕೂರದೆ, ನಿಂತೇ ಎಲ್ಲವನ್ನೂ ಹೇಳಿದಳು. ಒಂದು ಪೊಟ್ಟಣದಲ್ಲಿ ತಂದಿದ್ದ ಕೆಂಪು ಪುಡಿಯನ್ನು ಮೇಜಿನ ಮೇಲಿಟ್ಟಳು. ಮೇಡಂ ಪೊಟ್ಟಣವನ್ನು ತಮ್ಮತ್ತ ಎಳೆದುಕೊಂಡು ನೋಡಿದರು. ದೊಡ್ಡ ಮೇಷ್ಟರು ಕನ್ನಡಕ ತೆಗೆದು ಒರೆಸಿದರು.

"ಹಾಗಾದ್ರೆ ಆರೂ ಹೋಯ್ತು."

"ಹೋಯ್ತು ಸರ್."

"ಕಾರ್ಯಾಗಾರದ ತಪ್ಪು ಅಂತ ಬರೀಬೇಕಾಗತ್ತಮ್ಮ. ಆ ಅಧ್ಯಾಯ ತೆಗೀಬೇಕು."

"ಬರೀರಿ ಸರ್. ತಪ್ಪು ನಂದೇ."

ಮೇಡಂ ಎದ್ದು ಹೋದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಎರಡು ದಿನ ಆಕೆ ನೆಲಮಹಡಿಗೆ ಇಳಿಯಲಿಲ್ಲ. ಆ ಎರಡು ದಿನ ಕಲ್ಲಕ್ಕ ಯಾರನ್ನೂ ಬೈಯಲಿಲ್ಲ ಎಂದರೆ ಅವಳ ಸ್ಥಿತಿ ಹೇಗಿತ್ತೆಂದು ವಿಭಾಗಕ್ಕೆ ಅರ್ಥವಾಯಿತು.

ಆದರೆ ಕೈಕಟ್ಟಿ ಕೂರುವ ಜಾತಿಯವಳಲ್ಲ ಅವಳು. ನದಿಯಲ್ಲಿ ಉರುಳಿ ಬಂದ ಹರಳಿನ ಮೂಲೆ ಸವೆದು ದುಂಡಗಿರುತ್ತದೆ; ಅಂಗಡಿಯ ಪುಡಿ ಜಜ್ಜಿ ಮಾಡಿದ್ದು, ಚೂಪಾಗಿರಲೇಬೇಕು. ಹಾಗಾದರೆ ದುಂಡಗಿನವನ್ನು ಆರಿಸಿಕೊಂಡರಾಯಿತು! ಹೀಗೆಂದು ತಮ್ಮನ ಪುಡಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಳು. ಅದೂ ದುಂಡಗಿತ್ತು. ಪುಡಿ ಮಾರುವವರನ್ನು ವಿಚಾರಿಸಿದರೆ, ಅದು ಯಾವುದೋ ಸಮುದ್ರತೀರದ ಮರಳನ್ನು ಜಾಲಿಸಿ ತೆಗೆದದ್ದಂತೆ. ಅಲೆಗಳೇ ಅದರ ಮೂಲೆ ಸವೆಸಿದ್ದವು. ಕಲ್ಲಕ್ಕ ಸಮುದ್ರಕ್ಕೂ ಸೇರಿಸಿ ಶಾಪ ಹಾಕಿದಳು.

ಆ ಭಾನುವಾರ ಗಂಡನ ಬಳಿ ಒಬ್ಬರು ಹಳೆಯ ಕೋಟು ತಂದು ಜಗಳ ತೆಗೆದಿದ್ದರು. ಬಣ್ಣ ಹಾಕಿಸಲು ಕೊಟ್ಟಲ್ಲಿ ತೋಳನ್ನು ಬಿಚ್ಚಿ ಮತ್ತೆ ಹೊಲಿದಿದ್ದಾರೆ, ಅದಕ್ಕೇ ಬಿಗಿಯಾಗಿದೆ ಎಂದು ಅವರ ವಾದ. ಗಂಡ ಹೊಲಿಗೆಯ ಒಂದು ದಾರವನ್ನು ಸೂಜಿಯಿಂದ ಎತ್ತಿ ತೋರಿಸಿದ. "ನೋಡಿ, ದಾರಕ್ಕೂ ಬಣ್ಣ ಹತ್ತಿದೆ. ಬಣ್ಣ ಹಾಕೋವಾಗ ಈ ಹೊಲಿಗೆ ಇಲ್ಲೇ ಇತ್ತು. ಆಮೇಲೆ ಹೊಲಿದಿದ್ರೆ ದಾರ ಬೆಳ್ಳಗಿರ್ತಿತ್ತು. ತೋಳು ಯಾರೂ ಬಿಚ್ಚಿಲ್ಲ ಸ್ವಾಮಿ, ನೀವೇ ದಪ್ಪ ಆಗಿದೀರ."

ಒಳಗೆ ಪಾತ್ರೆ ತೊಳೆಯುತ್ತಿದ್ದ ಕಲ್ಲಕ್ಕ ಕೈ ಒರೆಸಿಕೊಳ್ಳದೆ ಹೊರಗೆ ಬಂದಳು.

"ರೀ, ಇನ್ನೊಂದ್ಸಲ ಹೇಳಿ."

"ಏನು, ದಪ್ಪ ಆಗಿದಾರೆ ಅಂತಲಾ?"

"ದಾರದ್ದು!"

ಅವಳ ತಲೆಯಲ್ಲಿ ವಿಷಯ ಕೂತುಬಿಟ್ಟಿತ್ತು. ಲಾವಾ ಬರುವಾಗ ಹರಳು ಅಲ್ಲೇ ಇದ್ದಿದ್ದರೆ, ಲಾವಾದ ಬೆಂಕಿ ಹರಳಿಗೂ ತಾಗಿರಲೇಬೇಕು. ತಾಗಿದ ಕಡೆ ಸುಟ್ಟ ಅಂಚು ಇರಬೇಕು. ತಮ್ಮನ ಪುಡಿ ಮೊನ್ನೆ ಮೊನ್ನೆ ನುಗ್ಗಿದ್ದು, ಅದಕ್ಕೆ ಎಲ್ಲಿಯ ಬೆಂಕಿ? ಅರ್ಧ ಮರಳಿನಲ್ಲಿ, ಅರ್ಧ ಲಾವಾದಲ್ಲಿ ಸಿಕ್ಕಿಕೊಂಡ ಒಂದೇ ಒಂದು ಹರಳು ಸಾಕು. ಅದೂ ಯಾವ ಯಂತ್ರವೂ ಮುಟ್ಟದ ಕಲ್ಲಿನೊಳಗೆ.

ಸೋಮವಾರ ಅವಳು, ಮೇಡಂ ಹಿಂದೆ ತಂದು ಬೇಡವೆಂದು ಬದಿಗಿಟ್ಟಿದ್ದ ಕಲ್ಲುಗಳ ಪೆಟ್ಟಿಗೆಯನ್ನು ನೆಲಕ್ಕೆ ಸುರಿದಳು. ಹೊರಗಿನಿಂದ ನೋಡಿದರೆ ಎಲ್ಲವೂ ಬರೀ ಕರಿಯ ಲಾವಾ. ಕಲ್ಲಕ್ಕ ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಸಣ್ಣ ಸುತ್ತಿಗೆಯಿಂದ ತಟ್ಟಿದಳು. ಟಣ್ ಎಂದವನ್ನು ಪೆಟ್ಟಿಗೆಗೆ ಹಾಕಿದಳು. ಮೂರು ಕಲ್ಲು ಮಾತ್ರ ಟಪ್ ಎಂದವು. ಒಳಗೆ ಮೆದುವಾದದ್ದು ಏನೋ ಇದೆ. ಸುತ್ತಲೂ ಲಾವಾ ಮುಚ್ಚಿಕೊಂಡ ಮರಳಿನ ಉಂಡೆ.

ಮೂರನ್ನೂ ಎತ್ತಿಕೊಂಡು ಮೇಲೆ ಹೋಗಿ ದೊಡ್ಡ ಮೇಷ್ಟರ ಮೇಜಿನ ಮೇಲಿಟ್ಟಳು. "ಸರ್, ಗರಗಸ ಮುಟ್ಟಲ್ಲ, ತಿರುಗೋ ತಟ್ಟೆ ಮುಟ್ಟಲ್ಲ. ಉಳಿಯಲ್ಲಿ ಒಡೀತೀನಿ, ಕೈಯಲ್ಲಿ ಉಜ್ಜುತೀನಿ. ನೀವು ಪಕ್ಕದಲ್ಲೇ ನಿಂತಿರಿ. ನನ್ನ ನಂಬೋದು ಬೇಡ, ನಿಮ್ಮ ಕಣ್ಣು ನಂಬಿ."

ಮೇಷ್ಟರು ಅವಳನ್ನೇ ನೋಡಿದರು. ಆಮೇಲೆ ಅಂಗಿಯ ತೋಳು ಮಡಚಿದರು. ಕೆಳಗೆ ಬಂದು ಹೊಸ ಗಾಜಿನ ಹಲಗೆಯನ್ನು ತಾವೇ ಏಳು ಸಲ ತೊಳೆದರು. ಪುಡಿಯ ಹೊಸ ಡಬ್ಬ ಒಡೆದು, ಅದರಲ್ಲೂ ಒಂದು ಚಿಟಿಕೆ ತೆಗೆದು, ಕೆಂಪು ಕಣವಿಲ್ಲವೆಂದು ನೋಡಿದರು. ಮೇಡಂ ಬಾಗಿಲ ಬಳಿ ಬಂದು ನಿಂತರು. ಹತ್ತಿರ ಬರಲಿಲ್ಲ.

ಮೊದಲನೆಯ ಕಲ್ಲು ಒಡೆದ ಕೂಡಲೇ ಉಂಡೆ ಪುಡಿಪುಡಿಯಾಗಿ ಉದುರಿತು. ಎರಡನೆಯದು ಗಟ್ಟಿಯಾಗಿ ಸಿಕ್ಕಿತು. ಉಂಡೆ ಉದುರದಂತೆ ಅಂಟು ಕುಡಿಸಿ, ಒಂದು ದಿನ ಒಣಗಿಸಿ, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಉಜ್ಜಿದರೆ, ಒಳಗೆ ಬೇರೆ ಮರಳೆಲ್ಲ ಇತ್ತು, ಗಾರ್ನೆಟ್ ಒಂದೂ ಇರಲಿಲ್ಲ. ಮೇಡಂ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು. ಕಲ್ಲಕ್ಕ ಹಲ್ಲು ಕಚ್ಚಿ ಮೂರನೆಯದನ್ನು ಕೈಗೆತ್ತಿಕೊಂಡಳು. ರಜೆಯಲ್ಲಿ ಉಳಿದದ್ದು ಎರಡೇ ವಾರ.

ಮೂರನೆಯದು ಮುಷ್ಟಿಯಷ್ಟೇ ಇತ್ತು. ಉಳಿಯನ್ನು ಎಲ್ಲಿಡಬೇಕೆಂದು ಅವಳು ಹದಿನೈದು ನಿಮಿಷ ತಿರುಗಿಸಿ ನೋಡಿದಳು. ಒಂದೇ ಪೆಟ್ಟು. ಕಲ್ಲು ಎರಡು ಹೋಳಾಯಿತು, ಉಂಡೆ ಲಾವಾಕ್ಕೆ ಅಂಟಿಕೊಂಡೇ ಉಳಿಯಿತು. ಮತ್ತೆ ಅಂಟು, ಮತ್ತೆ ಒಂದು ದಿನ. ಮರುದಿನ ಬೆಳಿಗ್ಗೆ ಮೇಷ್ಟರು ಹಲಗೆ ತೊಳೆದುಕೊಟ್ಟರು, ಅವಳು ಕೂತಳು. ಎರಡು ಬೆರಳಿನ ತುದಿಯಲ್ಲಿ ಗಾಜನ್ನು ಹಿಡಿದು, ಎಂಟರ ಆಕಾರದಲ್ಲಿ ಸುತ್ತಿಸುತ್ತ, ನಡುನಡುವೆ ತೊಳೆದು ಬೆಳಕಿಗೆ ಹಿಡಿದು ನೋಡುತ್ತ ಹೋದಳು. ತೆಳ್ಳಗಾದಷ್ಟೂ ಕೈ ಹಗುರಾಯಿತು. ಕೊನೆಯ ಹೊತ್ತಿನಲ್ಲಿ ಅವಳು ಉಸಿರಾಡುತ್ತಿದ್ದಳೋ ಇಲ್ಲವೋ, ನೋಡುತ್ತಿದ್ದ ಇಬ್ಬರಂತೂ ಉಸಿರಾಡುತ್ತಿರಲಿಲ್ಲ.

"ಸಾಕು" ಎಂದು ತನಗೆ ತಾನೇ ಹೇಳಿಕೊಂಡು, ಒರೆಸಿ, ಸ್ಲೈಡನ್ನು ಮೇಡಂ ಕೈಗೆ ಕೊಟ್ಟಳು. "ನೀವೇ ನೋಡಿ ಮೇಡಂ. ನಂಗೆ ಧೈರ್ಯ ಇಲ್ಲ."

ಮೇಡಂ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಬೆರಳು ಮೆಲ್ಲಗೆ ಸ್ಲೈಡನ್ನು ಸರಿಸುತ್ತಿತ್ತು. ಸರಿಸುತ್ತ ಸರಿಸುತ್ತ ನಿಂತಿತು.

"ಅಕ್ಕಾ" ಎಂದರು. ಅಷ್ಟೇ. ಎದ್ದು ದೊಡ್ಡ ಮೇಷ್ಟರಿಗೆ ಜಾಗ ಬಿಟ್ಟರು.

ದೊಡ್ಡ ಮೇಷ್ಟರು ನೋಡಿದರು. ಉಂಡೆಯ ಅಂಚಿನಲ್ಲಿ ತಿಳಿಗೆಂಪಿನ ಒಂದು ದುಂಡು ಹರಳು. ಅರ್ಧ ಮರಳಿನಲ್ಲಿ ಹೂತಿತ್ತು, ಅಲ್ಲಿ ಅದರ ಅಂಚು ಸ್ವಚ್ಛವಾಗಿತ್ತು. ಇನ್ನರ್ಧ ಲಾವಾದೊಳಗೆ ಚಾಚಿತ್ತು, ಅಲ್ಲಿ ಮಾತ್ರ ಅದರ ಸುತ್ತ ಕಡುಕಪ್ಪು ಗೆರೆ. ಲಾವಾ ಅದನ್ನು ಕಚ್ಚಿ ತಿಂದ ಗುರುತು. ಅದರ ಪಕ್ಕದಲ್ಲಿ ಅಂಥದೇ ಇನ್ನೊಂದು. ಲಾವಾ ಬಂದ ದಿನ ಈ ಹರಳುಗಳು ಮರಳಿನಲ್ಲಿ ಮಲಗಿದ್ದವು. ಅದಕ್ಕೆ ಮೊದಲು ಪಶ್ಚಿಮದ ಪರ್ವತದಿಂದ ನದಿಯಲ್ಲಿ ಉರುಳಿಕೊಂಡು ಬಂದಿದ್ದವು. ಮೂವತ್ತು ವರ್ಷದಿಂದ ತಾವು ಪಾಠ ಮಾಡಿಕೊಂಡು ಬಂದದ್ದು ತಪ್ಪು ಎಂದು ಆ ಕಡಲೆಕಾಳಿಗಿಂತ ಸಾವಿರ ಪಾಲು ಚಿಕ್ಕ ಹರಳು ಹೇಳುತ್ತಿದೆ ಎಂಬುದನ್ನು ಮೇಷ್ಟರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರು ತಲೆ ಎತ್ತಿದಾಗ ಮುಖ ಅರಳಿತ್ತು. ಸೋತವರ ಮುಖ ಅಷ್ಟು ಖುಷಿಯಾಗಿದ್ದುದನ್ನು ಆ ಕಟ್ಟಡ ಕಂಡಿರಲಿಲ್ಲ.

"ಪರ್ವತ ಎದ್ದಿತ್ತಮ್ಮ" ಎಂದರು ಮೇಡಂಗೆ. "ನಿಮ್ಮ ಅಧ್ಯಾಯ ವಾಪಸ್ ಹಾಕಿ. ನಾನು ಒಪ್ಪಿದೆ ಅಂತಲೂ ಬರೀರಿ."

ಮೇಡಂ ಅಳುತ್ತ ನಗುತ್ತ ಕಲ್ಲಕ್ಕನ ಎರಡೂ ಕೈ ಹಿಡಿದುಕೊಂಡರು. "ಆ ಆರು ಸ್ಲೈಡಿನ ವಿಷಯ ತೆಗೆದುಬಿಡೋಣ ಅಕ್ಕ. ಈಗ ಅದರ ಅಗತ್ಯ ಇಲ್ಲ. ಕಾರ್ಯಾಗಾರದ ತಪ್ಪು ಅಂತ ಯಾಕೆ ಇರ್ಬೇಕು?"

"ಬೇಡ ಮೇಡಂ, ಇರ್ಲಿ" ಎಂದಳು ಕಲ್ಲಕ್ಕ. "ನಾಳೆ ಇನ್ಯಾರೋ ನನ್ನಂಥೋಳು ನೀರಿನ ಯಂತ್ರಕ್ಕೆ ಕಲ್ಲು ತಗೊಂಡು ಹೋಗ್ತಾಳೆ. ಅವಳಿಗಾದ್ರೂ ಗೊತ್ತಾಗ್ಲಿ. ತಪ್ಪೂ ನಂದೇ, ಇದೂ ನಂದೇ. ಎರಡನ್ನೂ ಬರೀರಿ."

ದೊಡ್ಡ ಮೇಷ್ಟರು ಒದ್ದೆ ಕೈ ಒರೆಸಿಕೊಳ್ಳುತ್ತಿದ್ದವರು ನಿಂತರು. "ಅವತ್ತು ನೀವಾಗೇ ಬಂದು ಆ ಪೊಟ್ಟಣ ನನ್ನ ಮೇಜಿನ ಮೇಲೆ ಇಟ್ರಲ್ಲ, ಅದಕ್ಕೇ ಇವತ್ತು ಈ ಹರಳನ್ನ ನಾನು ನಂಬಿದ್ದು. ಹಲಗೆ ತೊಳೆದಿದ್ದೆಲ್ಲ ಸುಮ್ನೆ, ನನ್ನ ಸಮಾಧಾನಕ್ಕೆ" ಎಂದರು.

ಕಲ್ಲಕ್ಕ ಕೆಸರು ಕೈಯಲ್ಲೇ ಕಣ್ಣೊರೆಸಿಕೊಂಡು, ಕೆನ್ನೆಯೆಲ್ಲ ಬೂದಿ ಮಾಡಿಕೊಂಡು ಗಟ್ಟಿಯಾಗಿ ನಕ್ಕಳು. ಆಮೇಲೆ ಫೋನ್ ತೆಗೆದು ತಮ್ಮನಿಗೆ ಹಚ್ಚಿದಳು. ಎರಡು ವಾರದಿಂದ ಅಕ್ಕ ತಮ್ಮನ ನಡುವೆ ಮಾತಿರಲಿಲ್ಲ.

"ಅಂಗಡಿ ಮುಚ್ಚಿ ಈಗ್ಲೇ ಬಾರೋ ಇಲ್ಲಿಗೆ."

"ಮತ್ತೇನಾಯ್ತು? ನಾನೇನೂ ಮಾಡಿಲ್ಲ!"

"ಬಾ ಅಂದ್ರೆ ಬಾ."

ಹತ್ತು ನಿಮಿಷದಲ್ಲಿ ಅವನು ಬಂದ, ತಲೆಯ ಮೇಲೆ ಕಲ್ಲಿನ ಧೂಳು, ಮುಖದಲ್ಲಿ ಬೈಸಿಕೊಳ್ಳುವ ಸಿದ್ಧತೆ. ದೊಡ್ಡ ಮೇಷ್ಟರನ್ನೂ ಮೇಡಂ ಅವರನ್ನೂ ಕಂಡು ಬಾಗಿಲಲ್ಲೇ ನಿಂತುಬಿಟ್ಟ. ಕಲ್ಲಕ್ಕ ಅವನ ತೋಳು ಹಿಡಿದು ಎಳೆದು ತಂದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿ, "ನೋಡು" ಎಂದಳು. ಅವನು ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಇಟ್ಟು, ಬಹಳ ಹೊತ್ತು ನೋಡಿದ. ದಿನವೂ ಮೂಟೆಗಟ್ಟಲೆ ಆ ಪುಡಿ ಸುರಿಯುವವನು. ಅದರ ಗುರುತು ಅವನಷ್ಟು ಅಲ್ಲಿ ಯಾರಿಗೂ ಇರಲಿಲ್ಲ. ಆ ಕಪ್ಪು ಗೆರೆಯ ಮೇಲೆ ಅವನ ಕಣ್ಣು ನೆಟ್ಟಿತು. ಒಮ್ಮೆಲೇ ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದು, ಮೂರನೆಯ ಮಹಡಿಗೂ ಕೇಳುವ ಹಾಗೆ ಕೂಗಿದ:

"ಅಕ್ಕಾ! ಇದು ನನ್ನ ಪುಡಿ ಅಲ್ವೇ ಅಲ್ಲ!"